ಹದಿನೈದು ಅಕ್ಷರದ ಪರೀಕ್ಷೆ

ನನ್ನ ಟೈಪ್‌ರೈಟರ್ ರಿಪೇರಿ ಅಂಗಡಿಯಲ್ಲಿ ಮಾವನದೇ ಕಾನೂನು. ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಹೆಣ್ಣು ಕೊಟ್ಟವರು ಬೇರೆ, ಎದುರಾಡುವಂತಿಲ್ಲ. ಯಾವ ಅಕ್ಷರ ರಿಪೇರಿಯಾಯಿತೋ ಆ ಅಕ್ಷರವಿರುವ ಉದ್ದನೆಯ ಇಂಗ್ಲಿಷ್ ಪದವೊಂದನ್ನು ಹೊಡೆದು ನೋಡದೆ ಮಷೀನು ಹೊಸ್ತಿಲು ದಾಟಬಾರದು.

ಅರ್ಜಿ ಬರೆದುಕೊಡುವ ಟೈಪಿಸ್ಟ್ ತಂದ ಮಷೀನಿನಲ್ಲಿ ಕ್ಯೂ, ಝಡ್ ಎರಡೂ ಕಚ್ಚಿಕೊಂಡಿದ್ದವು. ನಾನು ಅರ್ಧ ಗಂಟೆಯಲ್ಲಿ ಸರಿಮಾಡಿದೆ. ಎರಡೂ ಇರುವ ಪದ ಹುಡುಕಲು ಮಾವನಿಗೆ ಮೂರು ದಿನ ಹಿಡಿಯಿತು. ಟೈಪಿಸ್ಟ್ ದಿನಾ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದ.

"ಕ್ವಿಝ್ ಅಂತ ಹೊಡೆದು ಕೊಟ್ಬಿಡೋಣ ಮಾವ," ಎಂದೆ.

"ನಾಲ್ಕೇ ಅಕ್ಷರ! ನಾಚಿಕೆ ಆಗಲ್ವೇನ್ರೀ ಅಳಿಯಂದ್ರೇ?"

ಮೂರನೆಯ ಸಂಜೆ ಸಿಕ್ಕಿತು: ವೆಂಟ್ರಿಲೊಕ್ವೈಝಿಂಗ್, ಹದಿನೈದು ಅಕ್ಷರ. ತುಟಿ ಅಲ್ಲಾಡಿಸದೆ ಮಾತಾಡುವುದು ಎಂದು ಅರ್ಥವಂತೆ. ಅದನ್ನು ವಿವರಿಸುವಾಗ ಮಾವ ತುಟಿಗೆ ಬಿಡುವೇ ಕೊಡಲಿಲ್ಲ. ಹೊಡೆದೆ. ಒಂದೊಂದು ಅಕ್ಷರವೂ ಮುತ್ತಿನಂತೆ ಬಿತ್ತು. ಮಷೀನು ಹೊಸ್ತಿಲು ದಾಟಿತು.

ಮರುದಿನ ಟೈಪಿಸ್ಟ್ ಕೆಂಡವಾಗಿ ಬಂದು ಹಾಳೆಯೊಂದನ್ನು ಮೇಜಿಗೆ ಬಡಿದ. "ಸ್ಪೇಸ್ ಬಾರ್ ಒತ್ತಿದ್ರೆ ಜಪ್ಪಯ್ಯ ಅಂದ್ರೂ ಕದಲ್ತಿಲ್ಲ! ನೀವು ನೋಡೇ ಇಲ್ವಾ?"

ನೋಡಿರಲಿಲ್ಲ. ಬಿಚ್ಚಿದ ಸ್ಪ್ರಿಂಗನ್ನು ಮರಳಿ ಸಿಕ್ಕಿಸುವುದನ್ನು ನಾನು ಮರೆತಿದ್ದೆ. ಎಷ್ಟು ಉದ್ದವಿದ್ದರೇನು, ಒಂದೇ ಪದದ ನಡುವೆ ಜಾಗ ಬಿಡುವ ಪ್ರಮೇಯವೇ ಬಂದಿರಲಿಲ್ಲ. ಹಾಳೆಯಲ್ಲಿ ಅರ್ಜಿ ಮೊದಲಿಂದ ಕೊನೆಯವರೆಗೆ ಒಂದೇ ಸಮ ಅಂಟಿಕೊಂಡಿತ್ತು.

ಮಾವ ಕನ್ನಡಕ ಏರಿಸಿ, ಬೆರಳಿಟ್ಟು ಎಣಿಸತೊಡಗಿದರು. ಎಣಿಸಿ ಮುಗಿದಾಗ ಅವರ ಕಣ್ಣು ಅರಳಿತ್ತು.

"ಅಳಿಯಂದ್ರೇ, ಕ್ಯೂನೂ ಇದೆ, ಝಡ್ಡೂ ಇದೆ. ಇನ್ನೂರ ಹನ್ನೆರಡು ಅಕ್ಷರ!"