ಸುರುಳಿಯ ಅಂಚಿನ ಚುಕ್ಕಿ

ಕೋಣೆಗೆ ಹೊರಗಿನಿಂದ ಚಿಲಕ ಬಿದ್ದ ಸದ್ದು ಮಗಳ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅವಳ ಕಣ್ಣು ಕಂಪ್ಯೂಟರಿನ ಪರದೆಯ ಮೇಲಿತ್ತು. ಎಡಕ್ಕೆ ಒಂದು ಗ್ಯಾಲಕ್ಸಿಯ ಕಳೆದ ತಿಂಗಳ ಚಿತ್ರ. ಬಲಕ್ಕೆ ಅದೇ ಗ್ಯಾಲಕ್ಸಿಯ ಚಿತ್ರ, ಭೂಮಿಯ ಇನ್ನೊಂದು ಬದಿಯಲ್ಲಿ, ಇನ್ನೂ ಕತ್ತಲಿರುವ ಕಡೆಯಿಂದ ದೂರದರ್ಶಕವೊಂದು ಈಗಷ್ಟೇ ತೆಗೆದು ಕಳಿಸಿದ್ದು. ಬಲಗಡೆ, ಸುರುಳಿಯ ತೋಳೊಂದರ ಅಂಚಿನಲ್ಲಿ, ಎಡಗಡೆ ಇಲ್ಲದ ಒಂದು ಚುಕ್ಕಿ ಇತ್ತು.

ಬೆಟ್ಟದ ಮೇಲಿನ ವೀಕ್ಷಣಾಲಯದ ಕೆಲಸ ಬಿಟ್ಟು, ಮರೆವು ಹತ್ತಿದ ಅಮ್ಮನನ್ನು ನೋಡಿಕೊಳ್ಳಲು ಮನೆ ಸೇರಿದ ಮೇಲೆ ಅವಳಿಗೆ ಉಳಿದದ್ದು ಇದೊಂದೇ: ಮಧ್ಯಾಹ್ನ ಅಮ್ಮ ಮಲಗಿದಾಗ ಈ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಎಷ್ಟೋ ಚುಕ್ಕಿಗಳು ಅವಳಿಗೆ ಟೋಪಿ ಹಾಕಿದ್ದವು. ಕೆಲವು ಕ್ಯಾಮೆರಾದ ದೋಷ, ಕೆಲವು ದಾರಿಹೋಕ ಕ್ಷುದ್ರಗ್ರಹ. ಇದು ಹಾಗಲ್ಲ ಅನ್ನಿಸಿತು. ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದಳು. ಆ ಜಾಗದಲ್ಲಿ ಯಾರೂ ಏನನ್ನೂ ಕಂಡಿರಲಿಲ್ಲ. ಇನ್ನೊಂದು ಚಿತ್ರ ಬೇಕಿತ್ತು. ಚುಕ್ಕಿ ಕದಲದೆ ಅಲ್ಲೇ ಇದ್ದರೆ ಅದು ಸಿಡಿದ ನಕ್ಷತ್ರವೇ ಇರಬೇಕು. ಆದರೆ ಆ ಕಡೆ ಇನ್ನೇನು ಬೆಳಗಾಗುವುದರಲ್ಲಿತ್ತು.

ಆಗ ಹಾಲು ಸೀದ ವಾಸನೆ ಮೂಗಿಗೆ ಬಡಿಯಿತು. ಅಮ್ಮ ಎದ್ದು ಒಲೆ ಹಚ್ಚಿದ್ದಾಳೆ. ಓಡಿ ಹೋಗಿ ಬಾಗಿಲೆಳೆದಳು. ಬಾಗಿಲು ಬರಲಿಲ್ಲ.

"ಅಮ್ಮಾ, ಬಾಗಿಲು ತೆಗಿ!"

"ಯಾರದು ಒಳಗೆ?"

"ನಾನಮ್ಮ, ನಿನ್ನ ಮಗಳು."

"ನನ್ನ ಮಗಳು ಸ್ಕೂಲಿಗೆ ಹೋಗಿದಾಳೆ. ಅವಳು ಬರ್ಲಿ, ಆಮೇಲಿದೆ ನಿನಗೆ."

"ಸರಿ, ತೆಗೀಬೇಡ. ಮೊದ್ಲು ಒಲೆ ಆರಿಸು. ಹಾಲು ಸೀದು ಹೋಗ್ತಿದೆ."

"ಕಳ್ಳಿಗೆ ಹಾಲು ಬೇರೆ ಬೇಕಂತೆ!" ಅಮ್ಮನ ಚಪ್ಪಲಿಯ ಸದ್ದು ದೂರವಾಯಿತು.

ಫೋನು ಅಡುಗೆಮನೆಯಲ್ಲಿತ್ತು. ಕಿಟಕಿಗೆ ಸರಳುಗಳು, ಅದರಾಚೆ ಪಕ್ಕದ ಕಟ್ಟಡದ ಬೋಳು ಗೋಡೆ. ಕೂಗಿದರೆ ಕೇಳುವವರಿಲ್ಲ. ಉಳಿದದ್ದು ಕಂಪ್ಯೂಟರೊಂದೇ. ಕುರ್ಚಿಗೆ ಬಿದ್ದು ಗೂಬೆಗೆ ಬರೆಯತೊಡಗಿದಳು. ಮಧ್ಯಾಹ್ನದ ತನಕ ಮಲಗಿ ಇರುಳೆಲ್ಲ ಎದ್ದಿರುವ ಆ ಹಳೆಯ ಸಹೋದ್ಯೋಗಿಯನ್ನು ವೀಕ್ಷಣಾಲಯದಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಇಷ್ಟು ಹೊತ್ತಿಗೆ ಎದ್ದಿರುತ್ತಾನೆ.

"ಹೊಸ ಚುಕ್ಕಿ ಕಣೋ. ಈಗಲೇ ಇನ್ನೊಂದು ಚಿತ್ರ ತೆಗೆಸು, ಅಲ್ಲಿ ಬೆಳಗಾಗ್ತಿದೆ." ಚುಕ್ಕಿಯ ಜಾಗ ತಿಳಿಸುವ ಅಂಕಿಗಳನ್ನು ಸೇರಿಸಿದಳು. ತಪ್ಪಿಲ್ಲವಷ್ಟೇ ಎಂದು ಇನ್ನೊಮ್ಮೆ ಓದಿದಳು. ಕಳಿಸಿದಳು. ಎರಡನೆಯ ಸಂದೇಶ ಬರೆದದ್ದು ಆಮೇಲೆ: "ಅಮ್ಮ ನನ್ನ ಕೂಡಿಹಾಕಿದಾಳೆ. ಒಲೆ ಉರೀತಿದೆ. ಕೆಳಗಿನ ಮನೆ ಟೈಲರಮ್ಮಂಗೆ ಫೋನ್ ಮಾಡು, ನಂಬರ್ ಕೆಳಗಿದೆ."

ಬಾಗಿಲ ಸಂದಿಯಿಂದ ಹೊಗೆ ನುಸುಳಿತು. ಅಷ್ಟರಲ್ಲಿ ಪಾತ್ರೆ ಬಿದ್ದ ಸದ್ದು, ಹಿಂದೆಯೇ ಅಮ್ಮನ ಚೀರು.

"ಅಮ್ಮಾ! ಏನಾಯ್ತು? ಮಾತಾಡಮ್ಮಾ!" ಬಾಗಿಲಿಗೆ ಭುಜ ಕೊಟ್ಟು ಗುದ್ದಿದಳು. ಆ ಕಡೆಯಿಂದ ಸಣ್ಣ ಮಗುವಿನಂಥ ಅಳು ಮಾತ್ರ ಕೇಳುತ್ತಿತ್ತು.

ಟೈಲರಮ್ಮ ಮಗಳು ಕೊಟ್ಟಿಟ್ಟಿದ್ದ ಕೀಲಿಯಿಂದ ಮುಂಬಾಗಿಲು ತೆಗೆದು ಬಂದಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಒಲೆ ಆರಿಸಿ, ಚಿಲಕ ಸರಿಸಿದಳು.

"ಏನ್ರೀ ಇದು, ಅಮ್ಮನ ಅಂಗೈ ನೋಡಿ! ಪಾತ್ರೇನ ಬರಿಗೈಲಿ ಎತ್ತಿದಾರೆ. ಸ್ವಲ್ಪ ಮುಂಚೆ ಗೊತ್ತಾಗಿದ್ರೆ ಇಷ್ಟಾಗ್ತಿರ್ಲಿಲ್ಲ."

ಮಗಳು ಅಮ್ಮನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತಳು. ಅಂಕಿಗಳನ್ನು ಎರಡನೆಯ ಸಲ ಓದಿದ್ದು ನೆನಪಾಯಿತು.

ಸಂಜೆ ಬಂದ ಚಿತ್ರದಲ್ಲಿ ಚುಕ್ಕಿ ಇದ್ದಲ್ಲೇ ಇತ್ತು. ವಾರ ಕಳೆಯುವುದರೊಳಗೆ ಬೆಟ್ಟದ ದೊಡ್ಡ ದೂರದರ್ಶಕದಿಂದ ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿ ಗೂಬೆ ಫೋನ್ ಮಾಡಿದ.

"ಸೂಪರ್‌ನೋವಾನೇ ಕಣೇ! ಅನುಮಾನವೇ ಇಲ್ಲ. ಕಂಡುಹಿಡಿದವಳು ಅಂತ ನಿನ್ನ ಹೆಸರೇ ಹಾಕಿದೀವಿ. ಇದು ಮಂಕಾಗೋ ತನಕ ಬೆನ್ನು ಹತ್ತಬೇಕು. ನಿನ್ನ ಜಾಗ ಇನ್ನೂ ಖಾಲಿ ಇದೆ, ಬರೋಕೆ ಹೇಳು ಅಂದ್ರು ಡೈರೆಕ್ಟರು. ಯಾವಾಗ ಬರ್ತೀಯ?"

"ಅಮ್ಮನ್ನ ಏನ್ಮಾಡ್ಲಿ?"

"ನಿಮ್ಮಣ್ಣ ಇಲ್ವಾ?"

"ಇದಾನೆ. ಫೋನಲ್ಲಿ ತುಂಬಾ ಪ್ರೀತಿ ತೋರಿಸ್ತಾನೆ."

ಗೂಬೆ ನಗು ತಡೆದುಕೊಂಡ. ಆಮೇಲೆ, "ಅವತ್ತು ಮನೇಲಿ ಅಷ್ಟಾಗ್ತಿದ್ರೂ ನೀನು ಮೊದ್ಲು ಬರೆದಿದ್ದು ಚುಕ್ಕಿ ವಿಷ್ಯಾನೇ ಅಲ್ವಾ? ನೀನು ಇಲ್ಲಿಯವಳೇ ಕಣೇ," ಎಂದ. ಅವನು ಹೊಗಳಿಕೆಯೆಂದೇ ಹೇಳಿದ್ದ. ಅವಳು ಫೋನ್ ಇಟ್ಟಳು.

"ಯಾರೇ ಅದು?" ಮಂಚದ ಮೇಲಿಂದ ಅಮ್ಮ ಕೇಳಿದಳು. ಇವತ್ತು ಮಗಳ ಗುರುತಿತ್ತು.

"ಒಂದು ನಕ್ಷತ್ರ ಸತ್ತಿದೆಯಮ್ಮಾ. ಅದನ್ನ ಮೊದ್ಲು ನೋಡಿದ್ದು ನಾನಂತೆ."

ಅಮ್ಮನ ಮುಖ ಸಣ್ಣದಾಯಿತು. "ಅಯ್ಯೋ ಪಾಪ. ಅವರ ಮನೆಯವರಿಗೆ ತಿಳಿಸಿದ್ರಾ?"

"ತಿಳಿಸಿದೀವಿ."

"ನೀನೊಂದ್ಸಲ ಹೋಗಿ ಬಾ. ಇಂಥ ಹೊತ್ತಲ್ಲಿ ಹೋಗದಿದ್ರೆ ಚೆನ್ನಾಗಿರಲ್ಲ."

"ತುಂಬಾ ದೂರ ಅಮ್ಮ."

"ದೂರ ಆದ್ರೇನು? ಮನೇಲಿ ನಾನಿರ್ತೀನಲ್ಲ."

ಮಗಳು ಪಕ್ಕದಲ್ಲಿ ಒರಗಿದಳು. ಅಮ್ಮ ಅವಳ ತೋಳಿನ ಮೇಲೆ ತಲೆಯಿಟ್ಟು, ಬಟ್ಟೆ ಸುತ್ತಿದ ಕೈಯನ್ನು ಎದೆಗವಚಿಕೊಂಡು ನಿದ್ದೆ ಹೋದಳು. ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿಗೆ ವೀಕ್ಷಣಾಲಯದ ಸಂದೇಶಗಳು ಒಂದರ ಹಿಂದೊಂದು ಬಂದು ಬೀಳುವ ಸದ್ದು ಕೇಳುತ್ತಿತ್ತು. ತೋಳು ಜೋಮು ಹಿಡಿಯಿತು. ಅವಳು ಎಳೆದುಕೊಳ್ಳಲಿಲ್ಲ. ಅಮ್ಮನ ಬಾಯಂಚಿನಿಂದ ಜೊಲ್ಲಿನ ಸಣ್ಣ ಎಳೆಯೊಂದು ಅವಳ ತೋಳಿನ ಮೇಲಿಳಿಯಿತು. ಬೆಚ್ಚಗಿತ್ತೋ ತಣ್ಣಗಿತ್ತೋ, ಅವಳಿಗೆ ತಿಳಿಯಲಿಲ್ಲ.