ಒದ್ದೆ ಬೆರಳಿಗೆ ಅಳಿಯದ ಸಹಿ

ಸಾಂಗಲಿಯ ಅರಿಶಿನ ವ್ಯಾಪಾರಿ ಸಿದ್ರಾಮಪ್ಪನ ಮನೆಗೆ ಹೊಸ ವಸ್ತು ಏನೇ ಬರಲಿ, ತಕ್ಕಡಿಯಾಗಲಿ ಕೊಡೆಯಾಗಲಿ, ಹೆಂಡತಿ ಗುರುಶಾಂತವ್ವ ಮೊದಲು ಅದಕ್ಕೆ ವಿಭೂತಿ ಹಚ್ಚುತ್ತಿದ್ದಳು. ಆ ಸಂಜೆಯೂ ಗಂಡ ತಂದ ಫೋಟೋವನ್ನು ಮಣೆಯ ಮೇಲಿಟ್ಟು, ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಅಡ್ಡಲಾಗಿ ಎಳೆದಳು. ಎಳೆದ ಮೇಲೆ ಬಗ್ಗಿ ನೋಡಿದಳು. ಬೆರಳು ಸಹಿಯ ಮೇಲೆಯೇ ಹೋಗಿತ್ತು.

ಅದು ಅಂಥಿಂಥವರ ಸಹಿಯಲ್ಲ. ಫೋಟೋದಲ್ಲಿದ್ದ, ನಾಟಕದ ಹೆಸರಾಂತ ಗಾಯಕ ಮಾಸ್ತರ್ ಮಂದಾರರದು.

“ಅಯ್ಯ ಶಿವನ! ಕೆಡಿಸಿಬಿಟ್ಟೆ!” ಎಂದು ಸೆರಗಿನಿಂದ ಒರೆಸಿದಳು. ವಿಭೂತಿ ಹೋಯಿತು. ಸಹಿ ಇದ್ದಂತೆಯೇ ಇತ್ತು.

ಓಡಿಬಂದ ಸಿದ್ರಾಮಪ್ಪ ಅದನ್ನು ನೋಡಿ ಕೈ ಮುಗಿದ. “ವಿಭೂತಿ ಮಹಿಮಾ ನೋಡು! ಒಂದ ಗೆರಿ ಸೈತ ಅಳಿಸಿಲ್ಲ!”

“ಮಹಿಮಾ ಇರ್ಲಿ ಬಿಡ್ರಿ,” ಎಂದಳು ಗುರುಶಾಂತವ್ವ. “ಮೊನ್ನೆ ನೀವು ಕಾಗದ ಬರಿಯೂಮುಂದ ಹನಿ ನೀರು ಬಿದ್ದು ಅಕ್ಷರ ಎಲ್ಲಾ ಕದಡಿದ್ವು. ಈ ಮಾಸ್ತರರ ಶಾಯಿಗೆ ನೀರು ಹತ್ತೂದಿಲ್ಲೇನು?”

ಮುಗಿದ ಕೈ ಹಾಗೆಯೇ ಉಳಿಯಿತು. ಸಿದ್ರಾಮಪ್ಪ ತಾನೂ ಬೆರಳು ಒದ್ದೆ ಮಾಡಿ ತಿಕ್ಕಿದ. ಊಹೂಂ. ಸಹಿ ಬರೆದದ್ದಲ್ಲ, ಫೋಟೋದ ಜೊತೆಗೇ ಅಚ್ಚಾದದ್ದು!

ಮಾರಿದವನು ಬಾಪೂಸಾಹೇಬ. ಕರಿ ಕೋಟು, ಬಾಯಿ ತುಂಬ ಎಲೆಅಡಿಕೆ. ನಾಟಕ ಕಂಪನಿಯ ಮ್ಯಾನೇಜರನೆಂದು ತಾನೇ ಹೇಳಿಕೊಂಡಿದ್ದ. ಜೇಬಿನ ಪೆನ್ನು ತೆಗೆದು ತೋರಿಸಿ, “ಇದೇ ಪೆನ್ನಿಲೆ, ನನ್ನ ಕಣ್ಣಮುಂದ ಸಹಿ ಹಾಕ್ಯಾರ ಶೇಟ್” ಎಂದಿದ್ದ. ಮಾಲು ಕೊಳ್ಳುವಾಗ ಅರಿಶಿನದ ಕೊಂಬು ಮುರಿದು ಒಳಗಿನ ಬಣ್ಣ ನೋಡದೆ ಚೀಲಕ್ಕೆ ಕೈ ಹಚ್ಚದ ಸಿದ್ರಾಮಪ್ಪ, ಮಾಸ್ತರರ ಹೆಸರು ಕೇಳಿದ್ದೇ ಕರಗಿಹೋಗಿದ್ದ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಅಂಗಡಿಯಲ್ಲಿ ಆಗ ಮಿರಜದ ಕಿರಾಣಿ ವ್ಯಾಪಾರಿ ತಮ್ಮಣ್ಣನೂ ಇದ್ದ. ಅವನ ಮಗಳು ನರ್ಮದಾ ಚೆನ್ನಾಗಿ ಹಾಡುತ್ತಾಳೆಂದು ತಿಳಿದ ಬಾಪೂಸಾಹೇಬ, ಇಂಥದೇ ಸಹಿಯ ಫೋಟೋ ತೋರಿಸಿದರೆ ಮಾಸ್ತರರು ಅವಳನ್ನು ಶಿಷ್ಯೆಯಾಗಿ ಸೇರಿಸಿಕೊಳ್ಳುತ್ತಾರೆಂದ. ಗುರುಕಾಣಿಕೆಯಾಗಿ ಮನೆಯಲ್ಲಿರುವ ತಂಬೂರಿ ಕೊಟ್ಟರೆ ಸಾಕಂತೆ. ಅದು ಅವಳ ತೀರಿಕೊಂಡ ತಾಯಿಯ ತಂಬೂರಿ. ತಮ್ಮಣ್ಣ ಸಿದ್ರಾಮಪ್ಪನ ಮುಖ ನೋಡಿದ್ದ: “ಖರೇ ಅನಸ್ತೈತೇನ್ರಿ ಸಾವಕಾರ್ರ?”

“ಖರೇ ಐತಿ. ನಾ ಅದೀನಲ್ಲ, ಚಿಂತಿ ಬಿಡು,” ಎಂದಿದ್ದ ಸಿದ್ರಾಮಪ್ಪ. ಆ ಒಂದು ಮಾತಿಗೆ ತಮ್ಮಣ್ಣ ಒಪ್ಪಿದ. ಸಿದ್ರಾಮಪ್ಪನ ಅರಿಶಿನವನ್ನು ಅವನು ಎಂದೂ ಮುರಿದು ನೋಡಿದವನಲ್ಲ.

“ನಾಳೆ ಮುಂಜಾನೆ ಆ ಬಾಪೂಸಾಹೇಬ ತಂಬೂರಿ ಒಯ್ತಾನ,” ಎಂದ ಸಿದ್ರಾಮಪ್ಪ ಸಣ್ಣ ದನಿಯಲ್ಲಿ. “ಈಗ ಹೋಗಿ ಸುಳ್ಳು ಅಂದ್ರ ಪ್ಯಾಟ್ಯಾಗ ನನ್ನ ಮಾತಿಗೆ ಯಾರು ಬೆಲಿ ಕೊಡ್ತಾರ?”

“ನಿಮ್ಮ ಮಾತಿನ ಬೆಲಿಗೆ ಆ ತಾಯಿಯಿಲ್ಲದ ಹುಡುಗಿ ತಂಬೂರಿ ಕೊಡಬೇಕೇನ್ರಿ?” ಎಂದು ಗುರುಶಾಂತವ್ವ ಒಳಗೆ ಹೋದಳು.

ಬೆಳಗ್ಗೆ ಸಿದ್ರಾಮಪ್ಪನ ಟಾಂಗಾ ಮಿರಜದಲ್ಲಿ ತಮ್ಮಣ್ಣನ ಮನೆ ಮುಟ್ಟಿದಾಗ ಬಾಪೂಸಾಹೇಬ ಆಗಲೇ ಇನ್ನೊಂದು ಫೋಟೋ ತಮ್ಮಣ್ಣನ ಕೈಗಿತ್ತು ಚಹಾ ಕುಡಿಯುತ್ತಿದ್ದ. ನರ್ಮದಾ ತಂಬೂರಿಗೆ ಗವಸು ಹಾಕುತ್ತಿದ್ದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

“ಬರ್ರಿ ಸಾವಕಾರ್ರ, ಕುಂದ್ರಿ,” ಎಂದ ತಮ್ಮಣ್ಣ.

ಸಿದ್ರಾಮಪ್ಪ ಕೂಡಲಿಲ್ಲ. “ಸಾಹೇಬ್ರ, ಆ ಪೆನ್ನಿಲೆ ಇಲ್ಲೊಂದು ಗೆರಿ ಎಳೀರಿ,” ಎಂದು ತನ್ನ ಫೋಟೋದ ಮೂಲೆ ತೋರಿಸಿದ. ಬಾಪೂಸಾಹೇಬ ನಗುತ್ತ ಎಳೆದ. ಒದ್ದೆ ಬೆರಳು ತಾಗಿದೊಡನೆ ಗೆರೆ ಕದಡಿತು. ಪಕ್ಕದ ಸಹಿ ಕದಡಲಿಲ್ಲ.

“ಅವತ್ತು ಶಾಯಿ ಬ್ಯಾರೆ ಇತ್ತು ಶೇಟ್. ವಿಲಾಯತಿದು.”

“ಇರಬಹುದು.” ಸಿದ್ರಾಮಪ್ಪ ತಮ್ಮಣ್ಣನ ಕೈಯಲ್ಲಿದ್ದ ಫೋಟೋ ಇಸಿದುಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟ. “ನರ್ಮದಾ, ನೀನ ನೋಡವ್ವ. ಸಹಿ ಬಾಲ ಎಲ್ಲಿ ಮುಗಿದೈತಿ?”

“ಇದರಾಗ ಕೋಟಿನ ಗುಂಡಿ ಮ್ಯಾಲ,” ಎಂದಳು ನರ್ಮದಾ. ಇನ್ನೊಂದನ್ನು ನೋಡಿದಳು. “ಇದರಾಗೂ ಅದೇ ಗುಂಡಿ ಮ್ಯಾಲ. ಕಾಕಾ, ಒಂದ ಕೂದಲೆಳಿಯಷ್ಟೂ ಫರಕಿಲ್ಲಲ್ರಿ!”

ಬಾಪೂಸಾಹೇಬ ಬಟ್ಟಲು ಕೆಳಗಿಟ್ಟ. ಗಾಬರಿಯೇನೂ ಆದಂತೆ ಕಾಣಲಿಲ್ಲ. “ನಿಮಗ ಬೇಕಾಗಿದ್ದು ಮಾಸ್ತರರ ಹೆಸರು, ನಾ ಕೊಟ್ಟೆ. ನಿನ್ನೆ ಪ್ಯಾಟ್ಯಾಗ ಎಲ್ಲಾರಿಗೂ ತೋರಿಸಿ ಎಷ್ಟು ಉಬ್ಬಿದ್ರಿ ಶೇಟ್! ನಾ ಪರೀಕ್ಷಾ ಮಾಡಬ್ಯಾಡ್ರಿ ಅಂದಿದ್ನೇನು?”

ಮಾತು ಚುಚ್ಚಿತು, ಏಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ಸಿದ್ರಾಮಪ್ಪ ಅವನ ಕಡೆ ನೋಡದೆ ತಮ್ಮಣ್ಣನಿಗೆ ಹೇಳಿದ: “ಅಂವ ಮೋಸ ಮಾಡ್ಯಾನ, ಅದು ಅಂವನ ಕಸಬು. ನೋಡದ ಖರೇ ಅಂದಾಂವ ನಾನು. ತಪ್ಪು ನಂದೈತಿ ತಮ್ಮಣ್ಣ.”

ತಮ್ಮಣ್ಣ ಎದ್ದು ನಿಂತ. ಬಾಪೂಸಾಹೇಬನಿಗೆ ಬಾಗಿಲು ತೋರಿಸಿದ. ನರ್ಮದಾ ಗವಸು ಬಿಚ್ಚಿ ತಂಬೂರಿಯನ್ನು ಗೂಟಕ್ಕೆ ತೂಗುಹಾಕಿದಳು.

ಮುಂದಿನ ಸಂತೆಗೆ ತಮ್ಮಣ್ಣ ಎಂದಿನಂತೆ ಅಂಗಡಿಗೆ ಬಂದ. ಗೋಡೆಯ ಮೇಲೆ ಆ ಫೋಟೋ, ಕದಡಿದ ಗೆರೆಯೊಂದಿಗೆ, ನೇತಾಡುತ್ತಿತ್ತು. ಕೇಳಿದ ಗಿರಾಕಿಗಳಿಗೆಲ್ಲ ಸಿದ್ರಾಮಪ್ಪ ನೀರಿನ ತಂಬಿಗೆ ಸರಿಸಿ, “ಬೆರಳು ಒದ್ದಿ ಮಾಡಿ ತಿಕ್ಕಿ ನೋಡ್ರಿ, ಹೆಂಗ ಮೋಸ ಹೋದೆ ಹೇಳ್ತೇನಿ” ಎನ್ನುತ್ತಿದ್ದ.

ತಮ್ಮಣ್ಣ ಚೀಲದ ಮುಂದೆ ಕುಳಿತ. ಸ್ವಲ್ಪ ತಡೆದು, ಒಂದು ಕೊಂಬು ಎತ್ತಿಕೊಂಡು ಟಕ್ಕೆಂದು ಮುರಿದು, ಬೆಳಕಿಗೆ ಹಿಡಿದು ನೋಡಿದ. ಇಷ್ಟು ವರ್ಷಗಳಲ್ಲಿ ಮೊದಲ ಸಲ.

ಸಿದ್ರಾಮಪ್ಪ ಆ ಮುರಿದ ಕೊಂಬನ್ನು ನೋಡಿದ. ಅಂಗಿಯ ತೋಳು ಮಡಚಿ, ಚೀಲದ ತಳದವರೆಗೆ ಕೈ ಹಾಕಿ ಇನ್ನೊಂದು ಕೊಂಬು ತೆಗೆದು ಅವನ ಕೈಗಿತ್ತ.

“ಮ್ಯಾಲಿಂದಷ್ಟ ನೋಡಿದ್ರ ಹೆಂಗ? ತಳದಾಗಿಂದೂ ಮುರಿದು ನೋಡು,” ಎಂದ.