ಹಾಲು ಉಕ್ಕಲು ಬಿಡದ ನಾನು

ನಾನು ಅಂಗೈಯಗಲದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ನನ್ನನ್ನು ಹುಟ್ಟಿಸಿದ್ದು ಹೆಂಡತಿಯ ಮೇಲಿನ ಪ್ರೀತಿ ಎಂದು ನನ್ನ ಒಡೆಯ ಊರೆಲ್ಲ ಹೇಳಿಕೊಂಡು ತಿರುಗಿದ. ಶುದ್ಧ ಸುಳ್ಳು. ನಾನು ಹುಟ್ಟಿದ್ದು ಜಗಳದಲ್ಲಿ.

ಒಡೆಯ ತಿಪ್ಪೇಶ ದಾವಣಗೆರೆಯ ಐಟಿಐ ಒಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಹೆಂಡತಿ ವನಜಾಕ್ಷಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಆಕೆ, "ಒಲೆ ಮೇಲೆ ಹಾಲೈತಿ, ಸ್ವಲ್ಪ ನೋಡ್ಕೊಳ್ರಿ" ಎನ್ನುತ್ತಿದ್ದಳು. ಈ ಮಹಾಶಯ ಮೊಬೈಲ್ ನೋಡಿಕೊಳ್ಳುತ್ತಿದ್ದ. ಹಾಲು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಹರಿಯುತ್ತಿತ್ತು. ಒಂದು ದಿನ ಒದ್ದೆ ತಲೆಯಲ್ಲೇ ನೆಲ ಒರೆಸುತ್ತ ಆಕೆ ಬಾಯಿಗೆ ಬಂದಂತೆ ಬೈದಳು. ತಪ್ಪಾಯ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನಾನೂ ಹುಟ್ಟುತ್ತಿರಲಿಲ್ಲ. ಆದರೆ ಅವನು, "ಇನ್ಮೇಲೆ ಹಾಲು ಉಕ್ಕದಂಗೆ ಮಾಡ್ತೀನಿ ನೋಡು, ನೀನೇ ಮೆಚ್ಕೋಬೇಕು" ಎಂದ.

ಭಾನುವಾರ ಬಂತೆಂದರೆ ಊಟದ ಮೇಜು ಅವನ ಕಾರ್ಖಾನೆ. ವೈರು ಬೆಸೆದ, ಪ್ರೋಗ್ರಾಂ ಬರೆದ, ಅಳಿಸಿದ, ಮತ್ತೆ ಬರೆದ. ನನಗೊಂದು ಕಣ್ಣಿಟ್ಟ. ಆ ಕಣ್ಣು ಪಾತ್ರೆಯ ಮೇಲಿಂದ ಹಾಲನ್ನು ನೋಡುತ್ತಿರಬೇಕು, ಹಾಲು ಅಂಚಿಗೆ ಬಂದ ಕೂಡಲೇ ನಾನು ಕರೆಂಟ್ ಒಲೆಯನ್ನು ಆರಿಸಬೇಕು. ಒಲೆಯ ಪ್ಲಗ್ಗನ್ನೇ ಕತ್ತರಿಸಿ ಅದರ ವೈರನ್ನು ನನ್ನ ಹೊಟ್ಟೆಗೆ ಬೆಸೆದುಬಿಟ್ಟ. ಅಷ್ಟೂ ಭಾನುವಾರ ವನಜಾಕ್ಷಿ ಅಡುಗೆ ಮಾಡಿದಳು, ಪಾತ್ರೆ ತಿಕ್ಕಿದಳು, ಬಟ್ಟೆ ಒಗೆದಳು. ಒಮ್ಮೆ ಒದ್ದೆ ರಗ್ಗಿನ ಒಂದು ತುದಿ ಹಿಡಿದುಕೊಂಡು ಬಂದು, "ಈ ಕಡೆ ಹಿಡ್ಕೊಳ್ರಿ, ಹಿಂಡೋಣ" ಎಂದಳು.

"ನಿನ್ನ ಕೆಲಸ ಕಡಿಮೆ ಮಾಡಾಕೇ ಕುಂತೀನಿ, ಅಡ್ಡ ಬರಬ್ಯಾಡ" ಎಂದ ತಿಪ್ಪೇಶ. ಆಕೆ ಒಬ್ಬಳೇ ಹಿಂಡಿದಳು. ನನಗೆ ಅವನ ಮೇಲೆ ಹೇಸಿಗೆ ಹುಟ್ಟಿದ್ದು ಆವತ್ತು.

ಕೊನೆಗೆ ನಾನು ಕೆಲಸಕ್ಕೆ ನಿಂತೆ. ಹಾಲು ಅಂಚಿಗೆ ಬಂತು, ನಾನು ಟಕ್ ಎಂದೆ, ಹಾಲು ತಣ್ಣಗೆ ಕೆಳಗಿಳಿಯಿತು. ತಿಪ್ಪೇಶ ಹಲ್ಲು ಕಿರಿದು ಹೆಂಡತಿಯ ಮುಖ ನೋಡಿದ.

"ಪಾತ್ರೆ ಯಾರು ತೊಳೀತಾರೆ?" ಎಂದಳು ವನಜಾಕ್ಷಿ.

ಅವನು ಪಾತ್ರೆ ಮುಟ್ಟಲಿಲ್ಲ. ಆದರೆ ಬಂದ ನೆಂಟರಿಗೆಲ್ಲ ನನ್ನನ್ನು ತೋರಿಸುವುದನ್ನು ಬಿಡಲಿಲ್ಲ.

ಆಮೇಲೆ ಅವರ ಹೊಸ ಮನೆ ಎದ್ದಿತು. ವನಜಾಕ್ಷಿ ಹುಟ್ಟಿ ಬೆಳೆದದ್ದು ಬಾಡಿಗೆ ಮನೆಗಳಲ್ಲಿ, ಮದುವೆಯಾಗಿ ಬಂದದ್ದೂ ಬಾಡಿಗೆ ಮನೆಗೇ. ಸ್ವಂತ ಮನೆಯಲ್ಲಿ, ತನ್ನ ಅವ್ವನ ಕಣ್ಣೆದುರು, ಗಂಡನ ಜೊತೆ ನಿಂತು ಹಾಲುಕ್ಕಿಸಬೇಕು ಎಂಬುದೊಂದೇ ಆಕೆಯ ಆಸೆ. ಅದನ್ನು ನೆನೆದು ಆಕೆ ಕಣ್ಣೀರು ಹಾಕಿದ್ದನ್ನೂ ನಾನು ಕಂಡಿದ್ದೇನೆ. ಹೊಸ ಮನೆಗೆ ಗ್ಯಾಸ್ ಇನ್ನೂ ಬಂದಿರಲಿಲ್ಲ. "ಕರೆಂಟ್ ಒಲೆ ನಾ ತರ್ತೀನಿ" ಎಂದ ತಿಪ್ಪೇಶ. ತಂದ. ಒಲೆಯ ಜೊತೆ ನಾನೂ ಬಂದೆ. ನನಗೆ ಹೂ ಮುಡಿಸಿ ಕುಂಕುಮವನ್ನೂ ಹಚ್ಚಿದ, ದಡ್ಡ.

ಗೃಹಪ್ರವೇಶದ ಪೂಜೆಗೆ ಬಂದಿದ್ದ ಅಯ್ಯನವರು ಹೊಸ ಪಾತ್ರೆಗೆ ವಿಭೂತಿ ಹಚ್ಚಿಸಿದರು. ವನಜಾಕ್ಷಿ ಹಾಲು ಸುರಿದಳು. ನೆಂಟರೆಲ್ಲ ಅಡುಗೆಮನೆಯ ಬಾಗಿಲಿಗೆ ಮುತ್ತಿಕೊಂಡರು. ಹಾಲು ಕೆನೆಗಟ್ಟಿತು, ಏರಿತು, ಅಂಚಿಗೆ ಬಂತು. ಟಕ್. ಹಾಲು ಕೆಳಗಿಳಿಯಿತು.

ಎರಡನೆಯ ಸಲವೂ ಟಕ್.

"ಬೇಗ ಆಗ್ಲಿ ತಾಯಿ, ರಾಹುಕಾಲ ಬಂತು" ಎಂದರು ಅಯ್ಯನವರು. ಹಿಂದೆ ಯಾರೋ ಮುಸಿಮುಸಿ ನಕ್ಕರು. "ಏನವ್ವ ಇದು, ಅಪಶಕುನ" ಎಂದು ವನಜಾಕ್ಷಿಯ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

"ಇದನ್ನ ಕಿತ್ತು ಹಾಕ್ರಿ" ಎಂದಳು ವನಜಾಕ್ಷಿ, ಹಲ್ಲು ಕಚ್ಚಿ.

"ಕಿತ್ರೆ ಒಲೆನೇ ಹತ್ತಲ್ಲ. ತಡಿ, ಪ್ರೋಗ್ರಾಂನಾಗೆ ಒಂದು ಸಾಲು ಬದಲಾಯಿಸ್ತೀನಿ" ಎಂದು ಅವನು ಲ್ಯಾಪ್‌ಟಾಪ್ ತರಿಸಿ ನೆಲದ ಮೇಲೇ ಕುಳಿತ.

ಆಕೆ ಹಾಲಿನ ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಕಟ್ಟಡದ ಕೆಲಸದಲ್ಲಿ ಉಳಿದಿದ್ದ ಮೂರು ಇಟ್ಟಿಗೆ ಹೂಡಿ, ಹಲಗೆ ಚೂರು ಒಟ್ಟಿ, ಬೆಂಕಿ ಹಚ್ಚಿದಳು. ರೇಷ್ಮೆ ಸೀರೆಯಲ್ಲೇ ಕುಕ್ಕರಗಾಲಲ್ಲಿ ಕುಳಿತು ಊದಿದಳು. ಹೊಗೆಗೆ ಕಣ್ಣು ಕೆಂಪಾದವು. ತೆರೆದ ಬಾಗಿಲಿನಿಂದ ನನಗೆಲ್ಲ ಕಾಣುತ್ತಿತ್ತು. ಅವನಿಗೂ ಕಾಣುತ್ತಿತ್ತು, ತಲೆ ಎತ್ತಿದ್ದರೆ. ಹಾಲು ಬುಸ್ಸೆಂದು ಉಕ್ಕಿ ನಾಲ್ಕೂ ಕಡೆ ಸುರಿಯಿತು. ಹೆಂಗಸರು ಆರತಿ ಎತ್ತಿದರು. ಆಕೆಯ ಪಕ್ಕದಲ್ಲಿ ಅವ್ವ ನಿಂತಿದ್ದಳು.

ತಿಪ್ಪೇಶ ನನ್ನನ್ನು ಒಲೆಯ ಸಮೇತ ಮೇಲೆತ್ತಿ ಹಿಡಿದು ಓಡಿಬಂದ. "ಸರಿ ಹೋತು ವನಜಾ! ಈಗ ಉಕ್ಕುತ್ತೆ, ಬಾ."

ಅಷ್ಟರಲ್ಲಿ ನೆಂಟರಿಗೆ ಹಾಲು ಹಂಚುತ್ತಿದ್ದರು. ವನಜಾಕ್ಷಿ ಅವನಿಗೂ ಒಂದು ಲೋಟ ಕೊಟ್ಟಳು, ಬಂದ ನೆಂಟರಿಗೆ ಕೊಟ್ಟ ಹಾಗೆಯೇ.

ಅಂದಿನಿಂದ ನಾನು ಒಲೆಯ ವೈರು ಕತ್ತರಿಸಿಕೊಂಡು ಮೆಟ್ಟಿಲ ಕೆಳಗೆ ಬಿದ್ದುಕೊಂಡಿದ್ದೆ. ಮನೆಯಲ್ಲಿ ಮಾತು ಕಡಿಮೆ, ಪಾತ್ರೆಗಳ ಸದ್ದು ಜಾಸ್ತಿ. ನನ್ನ ಪಾಲಿಗೆ ಇದ್ದದ್ದು ಜಿರಲೆಗಳ ಸಹವಾಸ. ನನಗೆ ಪಶ್ಚಾತ್ತಾಪವೇನೂ ಇಲ್ಲ. ಹೇಳಿದ್ದನ್ನು ಮಾಡಿದೆ. ಅವಳು ಕೇಳಿದ್ದು ಏನು ಎಂದು ತಿಳಿದುಕೊಳ್ಳುವುದು ನನ್ನ ಕೆಲಸವಾಗಿರಲಿಲ್ಲ.

ಇವತ್ತು ಗುಜರಿಯವನು ಬಂದಿದ್ದಾನೆ. ವನಜಾಕ್ಷಿ ನನ್ನನ್ನು ಹಳೇ ಪೇಪರಿನ ಮೇಲೆ ಎಸೆದಳು. ತಿಪ್ಪೇಶ ಬನಿಯನ್ನಿನಲ್ಲೇ ಓಡಿಬಂದು ಅಡ್ಡ ನಿಂತ.

"ಯಾಕೆ ಕೊಡ್ತೀಯ? ಇದೇನೂ ಕೆಟ್ಟಿಲ್ಲ."

"ಗೊತ್ತು. ಕೆಟ್ಟಿದ್ರೆ ರಿಪೇರಿ ಮಾಡಿಸಿ ಇಟ್ಕೋತಿದ್ದೆ" ಎಂದು ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನು ನನ್ನ ಕಡೆ ನೋಡಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತ.